ನೋಟಿಫಿಕೇಶನ್ ಬರುವ ಮೊದಲು

(ಕೋಲಾರದಲ್ಲಿ ಪಿಯುಸಿ ಮತ್ತು ಪದವಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನಲ್ಲಿ ಹಿಂದೆ ಮುಂದೆ ಆಗಿದ್ದನ್ನು ಸ್ವಲ್ಪ ಸರಿ ಮಾಡಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಅರಣ್ಯ ಇಲಾಖೆಯದ್ದೋ ಕೃಷಿ ಇಲಾಖೆಯದ್ದೋ ನೇಮಕಾತಿ ನೋಟಿಫಿಕೇಶನ್ ಬಂದಾಗಲೆಲ್ಲ ನಮ್ಮ ಮನೆಗೆ ಯಾರಾದರೊಬ್ಬರು ಬರುತ್ತಾರೆ. ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಪಿಡಿಎಫ್. "ಸರ್, ನನ್ನ ಡಿಗ್ರಿ ಇದಕ್ಕೆ ಆಗುತ್ತಾ, ಸ್ವಲ್ಪ ನೋಡಿ." ನಾನು ಕನ್ನಡಕ ಹಾಕಿಕೊಂಡು ಓದುತ್ತೇನೆ. ಎಷ್ಟೋ ಸಲ "ಆಗಲ್ಲಪ್ಪ" ಅಂತಲೇ ಹೇಳಬೇಕಾಗುತ್ತದೆ. ಹಾಗೆ ಹೇಳುವಾಗ ಹೊಟ್ಟೆ ಉರಿಯುತ್ತದೆ. ಬಂದವರು ದಡ್ಡರಲ್ಲ. ಹೊಲದಲ್ಲಿ ಬೆಳೆದ ಮಕ್ಕಳು. ಮಣ್ಣು ಮುಟ್ಟಿ ಹದ ಹೇಳಬಲ್ಲವರು. ಐದು ವರ್ಷದ ಹಿಂದೆ ಪಿಯುಸಿ ಅರ್ಜಿಯಲ್ಲಿ ಟಿಕ್ ಹಾಕುವಾಗ ಪಕ್ಕದಲ್ಲಿ ಹೇಳುವವರು ಯಾರೂ ಇರಲಿಲ್ಲ, ಅಷ್ಟೆ.

ಅದಕ್ಕೇ ಇವತ್ತು ಬಂದಿದ್ದೇನೆ. ಮಣ್ಣು, ನೀರು, ಕಾಡು, ಭೂಮಿ ಕಾಯುವ ಸರ್ಕಾರಿ ಕೆಲಸಗಳಿಗೆ ಅರ್ಹತೆ ಅನ್ನುವುದು ನೋಟಿಫಿಕೇಶನ್ ಬಂದ ದಿನ ಶುರುವಾಗುವುದಿಲ್ಲ. ಆ ಹೊತ್ತಿಗೆ ಕೆಲವು ಬಾಗಿಲು ಸದ್ದಿಲ್ಲದೆ ಮುಚ್ಚಿಹೋಗಿರುತ್ತವೆ. ಯಾವ ಬಾಗಿಲು ಯಾವಾಗ ಮುಚ್ಚುತ್ತದೆ ಅಂತ ಈಗಲೇ ಹೇಳಿಬಿಡುತ್ತೇನೆ. ಜೊತೆಗೆ, ಕೆಲಸ ಸಿಕ್ಕ ಮೇಲೆ ನೆಲ ನಿಮ್ಮಿಂದ ಏನು ಕೇಳುತ್ತದೆ ಅನ್ನುವುದನ್ನೂ.

ನಾನು ಮಣ್ಣು ಮತ್ತು ನೀರಿನ ಸಂರಕ್ಷಣೆಯ ಕೆಲಸದಲ್ಲೇ ಸರ್ವೀಸ್ ಮುಗಿಸಿದವನು. ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ, ಒಂದಷ್ಟು ಕಾಲ ಪಾವಗಡ. ಹಾಗಾಗಿ ನಮ್ಮ ಸೀಮೆಯಿಂದಲೇ ಶುರು ಮಾಡುತ್ತೇನೆ.

ನಮಗೆ ವರ್ಷವಿಡೀ ಹರಿಯುವ ನದಿ ಇಲ್ಲ. ಆದರೆ ನದಿಗಳು ಹುಟ್ಟುವುದು ನಮ್ಮಲ್ಲೇ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಎಲ್ಲವೂ ನಂದಿಬೆಟ್ಟ ಮತ್ತು ಅದರ ಸುತ್ತಿನ ಬೆಟ್ಟಸಾಲಿನ ಕಡೆಯವು. ಆ ಕಡೆ ತುಮಕೂರಿನಲ್ಲಿ ದೇವರಾಯನದುರ್ಗದಿಂದ ಶಿಂಷಾ, ಜಯಮಂಗಲಿ ಹೊರಡುತ್ತವೆ. ಹುಟ್ಟುವ ಜಾಗದಲ್ಲಿ ಅವು ಸಣ್ಣ ಹಳ್ಳಗಳು. ಮಳೆ ಬಂದಾಗ ಹರಿಯುತ್ತವೆ, ನಿಂತಾಗ ಒಣಗುತ್ತವೆ. ಅದಕ್ಕೇ ನಮ್ಮ ಹಿರಿಯರು ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿದರು. ಒಂದು ಕೆರೆ ತುಂಬಿ ಕೋಡಿ ಹೋದರೆ ಆ ನೀರು ಕೆಳಗಿನ ಕೆರೆಗೆ. ಅದು ತುಂಬಿದರೆ ಇನ್ನೊಂದಕ್ಕೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ಕೆರೆಗಳ ಸರಪಳಿ ಮಾತ್ರ ಜಿಲ್ಲೆಯ ಗಡಿ ನೋಡಿ ನಿಲ್ಲುವುದಿಲ್ಲ.

ಮಳೆ ಲೆಕ್ಕ ಮಾಡೋಣ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,047 ಲೀಟರ್ ನೀರು. ನಮಗೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಅಂತ ಹಿಡಿಯಿರಿ. ಎಕರೆಗೆ 28 ಲಕ್ಷ ಲೀಟರ್! ಸಾವಿರ ಅಡಿ ಬೋರ್ ಕೊರೆಸಿ ನೀರು ಸಿಗದೆ ತಲೆ ಮೇಲೆ ಕೈ ಹೊತ್ತು ಕೂತ ರೈತನ ಎಕರೆ ಮೇಲೂ ಅಷ್ಟೇ ನೀರು ಬಿದ್ದಿರುತ್ತದೆ. ಅದು ಎಲ್ಲಿಗೆ ಹೋಯಿತು? ನಮ್ಮ ಕೆಂಪು ಮಣ್ಣಿನ ಮೇಲೆ ಜೋರು ಮಳೆ ಹೊಡೆದರೆ ಮೇಲ್ಪದರ ಮುಚ್ಚಿಕೊಂಡು ಹೆಪ್ಪುಗಟ್ಟುತ್ತದೆ. ಆಮೇಲೆ ನೀರು ಇಂಗುವ ಬದಲು ಮಣ್ಣನ್ನು ಹೊತ್ತುಕೊಂಡು ಓಡುತ್ತದೆ. ಆ ಮಣ್ಣು ಕೆರೆಯಲ್ಲಿ ಹೂಳಾಗಿ ಕೂರುತ್ತದೆ. ಹೊಲಕ್ಕೂ ನಷ್ಟ, ಕೆರೆಗೂ ನಷ್ಟ.

ಇದನ್ನು ತಡೆಯುವ ಕೆಲಸ ಸರ್ಕಾರದಲ್ಲಿ ಯಾವುದೋ ಒಂದು ಇಲಾಖೆಯದ್ದಲ್ಲ. ಬೆಟ್ಟದ ತಲೆ ಅರಣ್ಯ ಇಲಾಖೆಗೆ ಸೇರಿದ್ದು. ಇಳಿಜಾರಿನ ಹೊಲ ಕೃಷಿ ಇಲಾಖೆಯವರದ್ದು ಮತ್ತು ಜಲಾನಯನ, ಅಂದರೆ ಒಂದು ಹಳ್ಳಕ್ಕೆ ನೀರು ಹರಿದು ಬರುವ ಇಡೀ ಪ್ರದೇಶ, ನೋಡಿಕೊಳ್ಳುವವರದ್ದು. ಕೆರೆ ಕೆಲವು ಕಡೆ ಸಣ್ಣ ನೀರಾವರಿಯವರದ್ದು, ಕೆಲವು ಕಡೆ ಪಂಚಾಯಿತಿಯದ್ದು. ಕೆರೆಯ ಗಡಿ ಕಂದಾಯ ಮತ್ತು ಸರ್ವೆಯವರ ದಾಖಲೆಯಲ್ಲಿ ಇರುತ್ತದೆ. ನೆಲದ ಕೆಳಗಿನ ನೀರು ಅಂತರ್ಜಲ ನಿರ್ದೇಶನಾಲಯದ ಲೆಕ್ಕಕ್ಕೆ. ನೀರು ಮಾತ್ರ ಒಂದೇ. "ಪರಿಸರದ ಕೆಲಸ ಬೇಕು ಸರ್" ಅಂತ ಯಾರಾದರೂ ಬಂದರೆ ನಾನು ಮೊದಲು ಕೇಳುವುದು, ಈ ಇಳಿಜಾರಿನಲ್ಲಿ ಯಾವ ಜಾಗದಲ್ಲಿ ನಿಲ್ಲಬೇಕು ಅಂತ ಇದ್ದೀರಿ ಎಂದು.

ಈಗ ಬಾಗಿಲುಗಳ ವಿಷಯ.

ಮೊದಲ ಬಾಗಿಲು ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ ಮುಚ್ಚುತ್ತದೆ. ಬಿ.ಎಸ್ಸಿ. ಕೃಷಿ ಅಥವಾ ಬಿ.ಎಸ್ಸಿ. ಫಾರೆಸ್ಟ್ರಿ ಓದಬೇಕಾದರೆ ಪಿಯುಸಿಯಲ್ಲಿ ವಿಜ್ಞಾನ ಇರಬೇಕು, ಅದರಲ್ಲಿ ಬಯಾಲಜಿ ಇರಬೇಕು. "ಬಯಾಲಜಿ ಕಷ್ಟ, ಕಂಪ್ಯೂಟರ್ ತಗೋ" ಅಂತ ಯಾರೋ ಹೇಳಿದ ಮಾತಿಗೆ ಬಿಟ್ಟರೆ ಈ ಎರಡೂ ಕೈತಪ್ಪುತ್ತವೆ. ಫಾರೆಸ್ಟ್ರಿ ಪದವಿ ನಮ್ಮ ರಾಜ್ಯದಲ್ಲಿ ಶಿರಸಿಯಲ್ಲಿ ಮತ್ತು ಕೊಡಗಿನ ಪೊನ್ನಂಪೇಟೆಯಲ್ಲಿ ಇದೆ. ಸೇರುವುದು ಸಿಇಟಿ ಮೂಲಕ. ರೈತರ ಮಕ್ಕಳಿಗೆ ಇದರಲ್ಲಿ ಕೃಷಿಕರ ಕೋಟಾ ಇದೆ. ಅದಕ್ಕೆ ಒಂದು ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಗೊಬ್ಬರ, ಉಪಕರಣ, ಕಳೆ ಇವನ್ನೆಲ್ಲ ಗುರುತಿಸಬೇಕು. ಮನೆಯಲ್ಲಿ ಅಪ್ಪನ ಜೊತೆ ಹೊಲಕ್ಕೆ ಹೋದವರಿಗೆ ಇದು ಕಷ್ಟವೇ ಅಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಈ ಕೋಟಾ ಇರುವುದೇ ಗೊತ್ತಿಲ್ಲ. ಪಹಣಿ, ಪ್ರಮಾಣ ಪತ್ರ ಹೊಂದಿಸುವಷ್ಟರಲ್ಲಿ ದಿನ ಮುಗಿದಿರುತ್ತದೆ.

ದೂರ ಹೋಗಲಾಗದವರಿಗೆ ಹತ್ತಿರದಲ್ಲೇ ಕೆಲವು ದಾರಿಗಳಿವೆ. ಇಲ್ಲೇ ಟಮಕದಲ್ಲಿ ತೋಟಗಾರಿಕೆ ಕಾಲೇಜು ಇದೆ. ಚಿಂತಾಮಣಿ ಪಕ್ಕದ ಕುರುಬೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಕಾಲೇಜು ಇದೆ. ಒಂದು ಭಾನುವಾರ ಬಿಡುವು ಮಾಡಿಕೊಂಡು ಹೋಗಿ ಬನ್ನಿ. ಗೇಟಿನಿಂದ ಒಳಗೆ ಒಂದು ಸಲ ನಡೆದು ಬಂದವರಿಗೆ ಆ ಓದು ದೂರದ್ದು ಅನ್ನಿಸುವುದಿಲ್ಲ.

ಎರಡನೇ ಬಾಗಿಲು ಪದವಿಯ ಹೆಸರಿನದು. ಇಲ್ಲಿ ತುಂಬ ಜನ ಎಡವುತ್ತಾರೆ. ಭಾರತೀಯ ಅರಣ್ಯ ಸೇವೆಯನ್ನೇ ತೆಗೆದುಕೊಳ್ಳಿ. ಯಾವ ಪದವಿ ಇದ್ದರೂ ಐಎಎಸ್ ಬರೆಯಬಹುದು. ಅರಣ್ಯ ಸೇವೆ ಹಾಗಲ್ಲ. ಪಶುಸಂಗೋಪನೆ ಮತ್ತು ಪಶುವೈದ್ಯ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಪ್ರಾಣಿಶಾಸ್ತ್ರ, ಇವುಗಳಲ್ಲಿ ಒಂದಾದರೂ ನಿಮ್ಮ ಪದವಿಯಲ್ಲಿ ಓದಿರಬೇಕು. ಇಲ್ಲವೇ ಪದವಿಯೇ ಕೃಷಿ, ಫಾರೆಸ್ಟ್ರಿ ಅಥವಾ ಎಂಜಿನಿಯರಿಂಗ್ ಆಗಿರಬೇಕು. ಕಾಡಿನ ಬಗ್ಗೆ ಎಷ್ಟೇ ಪ್ರೀತಿ ಇದ್ದರೂ ಬರೀ ಬಿ.ಎ., ಬಿ.ಕಾಂ. ಮಾಡಿದವರು ಅರ್ಜಿ ಹಾಕುವಂತಿಲ್ಲ. ಆ ಪಟ್ಟಿಯಲ್ಲಿ ಪರಿಸರ ವಿಜ್ಞಾನದ ಹೆಸರಿಲ್ಲ ಅನ್ನುವುದನ್ನೂ ಗಮನಿಸಿ. ಬಿ.ಎಸ್ಸಿ.ಯಲ್ಲಿ ಪರಿಸರ ವಿಜ್ಞಾನ ತೆಗೆದುಕೊಳ್ಳುವ ಆಸೆ ಇದ್ದರೆ ತೆಗೆದುಕೊಳ್ಳಿ, ಒಳ್ಳೆಯ ವಿಷಯ. ಜೊತೆಗೆ ಸಸ್ಯಶಾಸ್ತ್ರವೋ ರಸಾಯನಶಾಸ್ತ್ರವೋ ಇರುವ ಜೋಡಿ ಆರಿಸಿಕೊಳ್ಳಿ. ಕಾಲೇಜಿನಲ್ಲಿ ಒಂದು ನಿಮಿಷದಲ್ಲಿ ಮುಗಿಯುವ ಆಯ್ಕೆ ಇದು.

ವಯಸ್ಸು 21ರಿಂದ 32. ಮೀಸಲಾತಿ ಇರುವವರಿಗೆ ಸಡಿಲಿಕೆ ಇದೆ. ಪ್ರಿಲಿಮ್ಸ್ ಐಎಎಸ್‌ನವರ ಜೊತೆಯಲ್ಲೇ. ಮೇನ್ಸ್ ಬೇರೆ. ಆರು ಪತ್ರಿಕೆ, 1,400 ಅಂಕ. ಸಂದರ್ಶನಕ್ಕೆ 300. ಎರಡು ಐಚ್ಛಿಕ ವಿಷಯ ಆರಿಸಬೇಕು. ಕೃಷಿ ಮತ್ತು ಫಾರೆಸ್ಟ್ರಿ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಲು ಬಿಡುವುದಿಲ್ಲ. ಮುಖ್ಯ ಮಾತು, ಐಎಎಸ್ ಮೇನ್ಸ್ ಕನ್ನಡದಲ್ಲಿ ಬರೆಯಬಹುದು, ಅರಣ್ಯ ಸೇವೆಯ ಮೇನ್ಸ್ ಇಂಗ್ಲಿಷಿನಲ್ಲೇ ಬರೆಯಬೇಕು. ಕನ್ನಡ ಮಾಧ್ಯಮದ ಮಕ್ಕಳಿಗೆ ಹೆದರಿಸಲು ಹೇಳುತ್ತಿಲ್ಲ. ಮೊದಲ ವರ್ಷದಿಂದಲೇ ನಿಮ್ಮ ವಿಷಯವನ್ನು ಇಂಗ್ಲಿಷಿನಲ್ಲಿ ದಿನಕ್ಕೆ ಒಂದು ಪುಟ ಬರೆದು ಅಭ್ಯಾಸ ಮಾಡಿದರೆ ಮೂರು ವರ್ಷದಲ್ಲಿ ಸಾವಿರ ಪುಟ ಆಗುತ್ತದೆ. ಸಾವಿರ ಪುಟ ಬರೆದವರಿಗೆ ಭಾಷೆ ಅಡ್ಡ ಬರುವುದಿಲ್ಲ. ಕೊನೆಗೆ ನಡಿಗೆ. ನಾಲ್ಕು ಗಂಟೆಯಲ್ಲಿ ಗಂಡಸರು 25 ಕಿಲೋಮೀಟರ್, ಹೆಂಗಸರು 14 ಕಿಲೋಮೀಟರ್. ನಮ್ಮಲ್ಲಿ ಮೈಲಿಗಟ್ಟಲೆ ನಡೆದು ಶಾಲೆಗೆ ಹೋದವರು ಇದನ್ನು ಕೇಳಿ ನಗುತ್ತಾರೆ. ಈಗಿನ ಮಕ್ಕಳು ಬೈಕು ಬಿಟ್ಟು ಸ್ವಲ್ಪ ನಡೆಯಬೇಕು.

ಈ ಪದವಿಯ ಹೆಸರಿನ ವಿಷಯದಲ್ಲಿ ನನಗೆ ಒಂದು ಕೊರಗಿದೆ. ಅಮೆರಿಕದಲ್ಲಿ 1930ರ ದಶಕದಲ್ಲಿ ಬಯಲು ಸೀಮೆಯ ಮಣ್ಣೆಲ್ಲ ಧೂಳಾಗಿ ಎದ್ದು, ಆ ಧೂಳು ರಾಜಧಾನಿ ವಾಷಿಂಗ್ಟನ್‌ವರೆಗೂ ಬಂತು. 1935ರಲ್ಲಿ ಅವರು ಮಣ್ಣು ಉಳಿಸಲೆಂದೇ ಒಂದು ಇಲಾಖೆ ಮಾಡಿದರು. ಹ್ಯೂ ಹ್ಯಾಮಂಡ್ ಬೆನೆಟ್ ಅನ್ನುವವರು ಅದರ ಮೊದಲ ಮುಖ್ಯಸ್ಥರು. ಅಲ್ಲಿ ಇವತ್ತಿಗೂ ಮಣ್ಣು ಸಂರಕ್ಷಣಾಧಿಕಾರಿ ಆಗಲು ಪದವಿಯ ಹೆಸರು ನೋಡಿ ಬಿಡುವುದಿಲ್ಲ. ಅಂಕಪಟ್ಟಿ ಬಿಡಿಸಿ ಎಣಿಸುತ್ತಾರೆ. ಕೃಷಿ ಅಥವಾ ನೈಸರ್ಗಿಕ ಸಂಪನ್ಮೂಲದ ವಿಷಯಗಳಲ್ಲಿ 30 ಸೆಮಿಸ್ಟರ್ ಗಂಟೆ ಓದಿರಬೇಕು. ವಾರಕ್ಕೆ ಒಂದು ಗಂಟೆಯಂತೆ ಒಂದು ಸೆಮಿಸ್ಟರ್ ಪೂರ್ತಿ ಪಾಠ ಕೇಳಿದರೆ ಅದು ಒಂದು ಸೆಮಿಸ್ಟರ್ ಗಂಟೆ. ಅದರಲ್ಲಿ ಮಣ್ಣು ಮತ್ತು ಬೆಳೆ ಸೇರಿ 12. ಆ 12ರಲ್ಲಿ ಮಣ್ಣಿನ ವಿಷಯವೇ ಕನಿಷ್ಠ 3, ಬೆಳೆಯದ್ದು ಕನಿಷ್ಠ 3. ಮಣ್ಣು ಓದದೆ ಮಣ್ಣಿನ ಕೆಲಸಕ್ಕೆ ಬರುವಂತಿಲ್ಲ. ನಮ್ಮಲ್ಲೂ ಹೀಗೆ ಎಣಿಸುವ ದಿನ ಬರಲಿ ಅನ್ನುವುದು ನನ್ನ ಆಸೆ. ಬರುವವರೆಗೆ ನೀವೇ ಎಣಿಸಿಕೊಳ್ಳಿ. ನಿಮ್ಮ ಮೂರು ವರ್ಷದಲ್ಲಿ ಮಣ್ಣಿನ ಬಗ್ಗೆ ಎಷ್ಟು ಪಾಠ ಇದೆ, ನೀರಿನ ಬಗ್ಗೆ ಎಷ್ಟು?

ರಾಜ್ಯದ ಅರಣ್ಯ ಇಲಾಖೆಗೆ ಬರೋಣ. ಬುಡದಲ್ಲಿ ಅರಣ್ಯ ವೀಕ್ಷಕರು. ಎಸ್ಸೆಸ್ಸೆಲ್ಸಿ ಸಾಕು. ಅದರ ಮೇಲೆ ಗಸ್ತು ಅರಣ್ಯ ಪಾಲಕ, ಹಿಂದೆ ಅರಣ್ಯ ರಕ್ಷಕ ಅಂತ ಕರೆಯುತ್ತಿದ್ದ ಹುದ್ದೆ. ಇದಕ್ಕೆ ಪಿಯುಸಿ. 2023ರ ಕೊನೆಯಲ್ಲಿ 540 ಗಸ್ತು ಅರಣ್ಯ ಪಾಲಕರಿಗೆ ಅರ್ಜಿ ಕರೆದಿದ್ದರು. ಓಟ, ಜಿಗಿತ, ಗುಂಡು ಎಸೆತ ಎಲ್ಲ ಇರುತ್ತದೆ. ಅದರ ಮೇಲೆ ಉಪ ವಲಯ ಅರಣ್ಯಾಧಿಕಾರಿ, ಆಮೇಲೆ ವಲಯ ಅರಣ್ಯಾಧಿಕಾರಿ, ನಾವು ಆರ್‌ಎಫ್‌ಒ ಅನ್ನುತ್ತೇವಲ್ಲ, ಅವರು. ಆರ್‌ಎಫ್‌ಒ ನೇರ ನೇಮಕಾತಿಯಲ್ಲಿ ಫಾರೆಸ್ಟ್ರಿ ಪದವೀಧರರಿಗೆ ದೊಡ್ಡ ಪಾಲಿದೆ. ಆ ಪಾಲು ಎಷ್ಟಿರಬೇಕು ಅಂತ ಬೀದಿಗಿಳಿದು ಹೋರಾಟ ಮಾಡಿದ ವಿದ್ಯಾರ್ಥಿಗಳೂ ಇದ್ದಾರೆ. ನಿಯಮ ಬದಲಾಗುತ್ತಿರುತ್ತದೆ. ಅದಕ್ಕೇ ಯೂಟ್ಯೂಬ್ ನೋಡಿ ನಂಬಬೇಡಿ. ವೃಂದ ಮತ್ತು ನೇಮಕಾತಿ ನಿಯಮ ಅಂತ ಪ್ರತಿ ಇಲಾಖೆಗೂ ಒಂದು ಇರುತ್ತದೆ. ಹುದ್ದೆ, ವಿದ್ಯಾರ್ಹತೆ, ನೇರ ನೇಮಕಾತಿ ಎಷ್ಟು, ಬಡ್ತಿ ಎಷ್ಟು, ಎಲ್ಲ ಅದರಲ್ಲೇ ಬರೆದಿರುತ್ತದೆ. ನೋಟಿಫಿಕೇಶನ್ ಆ ನಿಯಮದ ನೆರಳು ಮಾತ್ರ. ನಿಯಮವನ್ನು ಈಗಲೇ ಓದಬಹುದು, ಯಾರೂ ಬೇಡ ಅನ್ನುವುದಿಲ್ಲ.

ಗಸ್ತು ಅರಣ್ಯ ಪಾಲಕ ಸಣ್ಣ ಹುದ್ದೆ ಅಂತ ಅಂದುಕೊಳ್ಳಬೇಡಿ. ಬೇಸಿಗೆಯಲ್ಲಿ ಅಂತರಗಂಗೆ ಬೆಟ್ಟಕ್ಕೆ ಬೆಂಕಿ ಬಿದ್ದರೆ ಹಸಿ ಸೊಪ್ಪು ಹಿಡಿದು ಮೊದಲು ಓಡುವವರು ಅವರೇ. ಬಂಗಾರಪೇಟೆ, ಮಾಲೂರು ಕಡೆ ಆನೆ ಬಂದಾಗ ರಾತ್ರಿಯೆಲ್ಲ ರಾಗಿ ಹೊಲದ ಬದುವಿನಲ್ಲಿ ನಿಲ್ಲುವವರೂ ಅವರೇ. ಒಂದು ಕಡೆ ಆನೆ, ಇನ್ನೊಂದು ಕಡೆ ಬೆಳೆ ಕಳೆದುಕೊಂಡ ರೈತನ ಸಿಟ್ಟು. ಎರಡನ್ನೂ ಸಮಾಧಾನ ಮಾಡುವ ಕೆಲಸಕ್ಕೆ ಎದೆಯ ಅಳತೆಗಿಂತ ಎದೆಯೊಳಗಿನದು ಜಾಸ್ತಿ ಬೇಕು.

ಕೃಷಿ ಇಲಾಖೆಯಲ್ಲಿ ಕೃಷಿ ಅಧಿಕಾರಿ, ಸಹಾಯಕ ಕೃಷಿ ಅಧಿಕಾರಿ ಹುದ್ದೆಗಳಿವೆ. ನೇಮಕ ಕೆಪಿಎಸ್‌ಸಿ, ಅಂದರೆ ಕರ್ನಾಟಕ ಲೋಕಸೇವಾ ಆಯೋಗದ ಮೂಲಕ. 2024ರಲ್ಲಿ ಎರಡೂ ಸೇರಿ 945 ಹುದ್ದೆಗಳಿಗೆ ಕರೆದಿದ್ದರು. ಹೆಚ್ಚಿನವು ಬಿ.ಎಸ್ಸಿ. ಕೃಷಿ ಓದಿದವರಿಗೆ. ಕೃಷಿ ಎಂಜಿನಿಯರಿಂಗ್ ಮುಂತಾದ ಪದವಿಗಳಿಗೂ ಒಂದು ಪಾಲು ಇತ್ತು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೂರುವವರು ಇವರೇ. ಜಲಾನಯನದ ಕೆಲಸ ಮಾಡುವವರೂ ಹೆಚ್ಚಾಗಿ ಈ ದಾರಿಯಲ್ಲೇ ಬಂದವರು.

ಜಲಾನಯನ ಅಂದಾಗ ಸುಜಲ ಯೋಜನೆಯ ಕಾಲ ನೆನಪಾಗುತ್ತದೆ. 2001ರಿಂದ 2009ರವರೆಗೆ ವಿಶ್ವಬ್ಯಾಂಕ್ ನೆರವಿನಲ್ಲಿ ಐದು ಜಿಲ್ಲೆಗಳಲ್ಲಿ ನಡೆಯಿತು. ಅದರಲ್ಲಿ ಕೋಲಾರ ಮತ್ತು ತುಮಕೂರು ಎರಡೂ ಇದ್ದವು. ನನ್ನ ಪಾಠ ಮಾತ್ರ ಅದಕ್ಕಿಂತ ಮುಂಚೆಯೇ ಆಗಿತ್ತು. ಅದನ್ನು ಬಿಡಿಸಿ ಹೇಳುತ್ತೇನೆ. ಯಾವ ಪರೀಕ್ಷೆಯಲ್ಲೂ ಇದನ್ನು ಕೇಳುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸತು. ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬದು ಹಾಕಿಸಬೇಕಿತ್ತು. ಬದುವನ್ನು ಸಮಪಾತಳಿಯಲ್ಲಿ ಹಾಕಬೇಕು. ಅಂದರೆ ಇಳಿಜಾರಿಗೆ ಅಡ್ಡಲಾಗಿ, ಒಂದೇ ಎತ್ತರದಲ್ಲಿ, ಹಾವಿನ ಹಾಗೆ ಬಳುಕಿಕೊಂಡು ಹೋಗಬೇಕು. ಹಾಗೆ ಹೋದರೆ ಅದು ಅಣ್ಣತಮ್ಮಂದಿರ ಎರಡು ಹಿಸ್ಸೆಯ ಮಧ್ಯೆ ಹೊಲ ಸೀಳಿಕೊಂಡು ಹೋಗುತ್ತಿತ್ತು. ಇಬ್ಬರೂ ಒಪ್ಪಲಿಲ್ಲ. "ಗಡಿ ಮೇಲೆ ಹಾಕಿ ಸಾರ್, ಆಗ ಜಗಳ ಇಲ್ಲ" ಅಂದರು. ನಾನೂ ಸುಮ್ನೆ ಯಾಕೆ ಗಲಾಟೆ ಅಂತ ಗಡಿ ಮೇಲೆ ನೇರವಾಗಿ ಹಾಕಿಸಿಬಿಟ್ಟೆ. ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ಎತ್ತರ ಎಲ್ಲ ಸರಿಯಾಗಿತ್ತು.

ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅಲ್ವಾ? ಒಂದು ರಾತ್ರಿ ಹೊಡೆಯಿತು. ಇಡೀ ಹೊಲದ ನೀರು ಬದುವಿನ ತಗ್ಗಿನ ತುದಿಗೆ ಬಂದು ಸೇರಿತು. ಬೆಳಿಗ್ಗೆ ನೋಡಿದರೆ ಬದು ಒಡೆದು, ತೆನೆ ಬಿಟ್ಟ ರಾಗಿ ಕೊಚ್ಚಿಕೊಂಡು ಹೋಗಿ, ಮೊಳಕಾಲುದ್ದ ಕೊರಕಲು ಬಿದ್ದಿತ್ತು. ಬದು ಹಾಕದೆ ಇದ್ದಿದ್ದರೆ ಅಷ್ಟು ಹಾಳಾಗುತ್ತಿರಲಿಲ್ಲ. ಚೆಲ್ಲಿ ಹೋಗುತ್ತಿದ್ದ ನೀರನ್ನು ನಾನೇ ಒಂದು ಕಡೆ ಕೂಡಿಸಿ ನುಗ್ಗಿಸಿದ್ದೆ. ಆ ಮನೆಯ ಹೆಂಗಸು ನನ್ನನ್ನು ಬೈಯಲಿಲ್ಲ. ಕೊರಕಲಿನಲ್ಲಿ ಇಳಿದು ಮಣ್ಣು ಮೆತ್ತಿದ ತೆನೆಗಳನ್ನು ಒಂದೊಂದಾಗಿ ಆರಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದರು. ಮೂವತ್ತು ವರ್ಷವಾದರೂ ಆ ಸೆರಗು ನನ್ನ ಕಣ್ಣಿನಿಂದ ಹೋಗಿಲ್ಲ.

ಆಮೇಲೆ ಕಲಿತೆ. ಗಡಿ ಬದುವೇ ಬೇಕು ಅಂದರೆ ತಗ್ಗಿನ ಜಾಗದಲ್ಲಿ ಕಲ್ಲಿನ ಕೋಡಿ ಕೊಡಬೇಕು. ಹೆಚ್ಚಾದ ನೀರು ಮೆಲ್ಲಗೆ ಇಳಿಯಬೇಕು. ಅದಕ್ಕಿಂತ ಮೊದಲು ಅಣ್ಣತಮ್ಮಂದಿರನ್ನು ಮರದ ಕೆಳಗೆ ಕೂರಿಸಿ, ನೀರು ಹೇಗೆ ಬರುತ್ತದೆ ಅಂತ ತೋರಿಸಬೇಕು. ತೋರಿಸಲು ದೊಡ್ಡ ಯಂತ್ರ ಬೇಡ. ಮೂರು ಕೋಲು ಸಾಕು. ಎರಡನ್ನು ಮೇಲೆ ಕಟ್ಟಿ ಕಾಲು ಅಗಲಿಸಿ, ಮಧ್ಯೆ ಒಂದನ್ನು ಅಡ್ಡಲಾಗಿ ಕಟ್ಟಿ. ತುದಿಯಿಂದ ದಾರದಲ್ಲಿ ಕಲ್ಲು ಇಳಿಬಿಡಿ. ನೆಲದ ಮೇಲಿಟ್ಟು ದಾರ ಅಡ್ಡಕೋಲಿಗೆ ತಾಗುವ ಕಡೆ ಗುರುತು ಹಾಕಿ. ಅದೇ ಎರಡು ಜಾಗದಲ್ಲಿ ಕಾಲು ಅದಲು ಬದಲು ಮಾಡಿ ಇನ್ನೊಂದು ಗುರುತು ಹಾಕಿ. ಎರಡರ ನಟ್ಟನಡುವೆ ದಾರ ನಿಂತರೆ ಎರಡೂ ಕಾಲು ಒಂದೇ ಮಟ್ಟದಲ್ಲಿವೆ ಅಂತ ಅರ್ಥ. ಹಾಗೇ ಹೆಜ್ಜೆ ಇಡುತ್ತಾ ಹೋದರೆ ಸಮಪಾತಳಿ ಗೆರೆ ಸಿಗುತ್ತದೆ. ನಿಮ್ಮ ಹೊಲದಲ್ಲಿ ಇದನ್ನು ಒಂದು ಸಲ ಮಾಡಿ ನೋಡಿ. ಸಮತಟ್ಟು ಅಂದುಕೊಂಡಿದ್ದ ಹೊಲದಲ್ಲಿ ಎಷ್ಟು ಏರುಪೇರಿದೆ ಅಂತ ಗೊತ್ತಾಗುತ್ತದೆ. ನೂರು ಮೀಟರಿಗೆ ಮೂರು ಮೀಟರ್ ಇಳಿದರೆ ಅದು ಶೇಕಡಾ 3ರ ಇಳಿಜಾರು. ಪುಸ್ತಕದ ಆ ಸಾಲು ಆಮೇಲೆ ಮರೆಯುವುದಿಲ್ಲ.

ಸರ್ವೆ ಇಲಾಖೆಯನ್ನು ಯಾರೂ ಪರಿಸರದ ಕೆಲಸ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ನಮ್ಮ ಜಿಲ್ಲೆಗಳಲ್ಲಿ ಕೆರೆ ಉಳಿಯುವುದು ಭೂಮಾಪಕರ ಕೈಯಲ್ಲಿದೆ. ಕೆರೆ ಅಂಗಳ ಎಲ್ಲಿಯವರೆಗೆ, ರಾಜಕಾಲುವೆ ಎಷ್ಟು ಅಗಲ, ಗುಂಡುತೋಪಿನ ಮೂಲೆ ಎಲ್ಲಿ, ಇದೆಲ್ಲ ಹಳೇ ಟಿಪ್ಪಣಿ ಅನ್ನುವ ಅಳತೆಯ ಚಿತ್ರ, ಆಕಾರಬಂದ್ ಅನ್ನುವ ವಿಸ್ತೀರ್ಣದ ದಾಖಲೆ, ಗ್ರಾಮ ನಕ್ಷೆ ಇವುಗಳಲ್ಲಿದೆ. ಅಳೆದದ್ದು 33 ಅಡಿಯ ಸರಪಳಿಯಲ್ಲಿ, ಒಂದು ಸರಪಳಿಗೆ 16 ಆಣೆಯ ಲೆಕ್ಕ. 33 ಅಡಿಗೆ 33 ಅಡಿ ಅಂದರೆ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಈಗ ಉಪಗ್ರಹದ ಸಂಕೇತ ಹಿಡಿದು ಜಾಗ ಗುರುತಿಸುವ ರೋವರ್ ಬಂದಿದೆ, ಡ್ರೋನ್ ಬಂದಿದೆ. ಆದರೆ ಹಳೇ ಟಿಪ್ಪಣಿ ಓದಲು ಬಾರದ ಕೈಗೆ ರೋವರ್ ಕೊಟ್ಟರೆ ತಪ್ಪು ಗಡಿಯನ್ನೇ ಸೆಂಟಿಮೀಟರ್ ಲೆಕ್ಕದಲ್ಲಿ ಗುರುತು ಮಾಡುತ್ತದೆ. ಈ ಕೆಲಸಕ್ಕೆ ಗಣಿತ ಇರುವ ಪಿಯುಸಿ ವಿಜ್ಞಾನ, ಸಿವಿಲ್ ಡಿಪ್ಲೊಮಾ ಅಥವಾ ಪದವಿ, ಐಟಿಐ ಸರ್ವೆ, ಇಂಥ ದಾರಿಗಳಿವೆ. ಪರವಾನಗಿ ಭೂಮಾಪಕರಾಗಿ ಶುರು ಮಾಡಿದವರೂ ಇದ್ದಾರೆ.

ಇದರ ಜೊತೆಗೆ ಕಂದಾಯದ ಒಂದಿಷ್ಟು ಪದಗಳು ನಿಮಗೆ ಗೊತ್ತಿರಲೇಬೇಕು. ಖರಾಬು ಅಂದರೆ ಬರೀ ಕೆಟ್ಟ ಜಮೀನಲ್ಲ. 'ಎ' ಖರಾಬು ಸಾಗುವಳಿಗೆ ಬಾರದ ಕಲ್ಲು, ಮೊರಡಿ. 'ಬಿ' ಖರಾಬು ಸಾರ್ವಜನಿಕರದ್ದು, ದಾರಿ, ಹಳ್ಳ ಇಂಥವು. ಗೋಮಾಳ ಅಂದರೆ ದನ ಮೇಯುವ ಜಾಗ. ನೂರು ದನಕ್ಕೆ 12 ಹೆಕ್ಟೇರ್ ಅಂತ ಭೂಕಂದಾಯ ನಿಯಮವೇ ಹೇಳುತ್ತದೆ. ನಿಮ್ಮ ಊರಿನಲ್ಲಿ ದನ ಎಷ್ಟು, ಗೋಮಾಳ ಎಷ್ಟು ಉಳಿದಿದೆ, ಹೋಗಿ ಕೇಳಿ. ಗ್ರಾಮ ಆಡಳಿತ ಅಧಿಕಾರಿ, ಹಳೇ ಹೆಸರಲ್ಲಿ ಗ್ರಾಮ ಲೆಕ್ಕಿಗ, ಈ ಲೆಕ್ಕ ಇಡುವವರು. 2024ರಲ್ಲಿ 1,000 ಹುದ್ದೆ ಕರೆದಿದ್ದರು. ಪಿಯುಸಿ ಆಗಿದ್ದರೆ ಸಾಕು. ಹಿಂದೆ ಪಿಯುಸಿ ಅಂಕದ ಮೇಲೆ ಆಯ್ಕೆ ಆಗುತ್ತಿತ್ತು. ಈಗ ಪರೀಕ್ಷೆ ಬರೆಯಬೇಕು.

ಪದಗಳ ಮಾತು ಬಂತು, ಇನ್ನೊಂದನ್ನು ಹೇಳಿಬಿಡುತ್ತೇನೆ. 'ಬಂಜರು' ಅನ್ನುವ ಪದ. ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಗೆ ಹೋದರೆ ಮರವಿಲ್ಲದ ಹುಲ್ಲುಗಾವಲು ಕಾಣುತ್ತದೆ. ದಾಖಲೆ ನೋಡುವ ಕಣ್ಣಿಗೆ ಅದು ಖಾಲಿ ಜಾಗ. ಅಲ್ಲಿ ಕೃಷ್ಣಮೃಗಗಳ ಹಿಂಡು ಓಡುತ್ತದೆ. 2007ರಲ್ಲಿ ಸುಮಾರು 800 ಎಕರೆಯನ್ನು ಸಂರಕ್ಷಿತ ಪ್ರದೇಶ ಅಂತ ಘೋಷಿಸಿದರು. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ಜಿಂಕೆಯಂಥ ಚಿಂಕಾರ ಇದೆ. ಅದು 2019ರಲ್ಲಿ ವನ್ಯಧಾಮವಾಯಿತು. ಖಾಲಿ ಕಂಡ ಕಡೆಯೆಲ್ಲ ಗುಂಡಿ ತೋಡಿ ಸಸಿ ನೆಡುವುದೇ ಸಂರಕ್ಷಣೆ ಅಂತ ತಿಳಿದರೆ ಹುಲ್ಲು ಹೋಗುತ್ತದೆ, ಹುಲ್ಲಿನ ಜೊತೆ ಕೃಷ್ಣಮೃಗವೂ ಹೋಗುತ್ತದೆ. ನಮ್ಮಲ್ಲಿ ನೀಲಗಿರಿಯ ಕಥೆ ಎಲ್ಲರಿಗೂ ಗೊತ್ತು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ರಾಗಿ ಹೊಲಗಳೇ ನೀಲಗಿರಿ ತೋಪಾದವು. ನೆಲದ ನೀರು ಹೀರುತ್ತದೆ ಅಂತ 2017ರಲ್ಲಿ ಹೊಸದಾಗಿ ನೆಡಬಾರದೆಂದು ಸರ್ಕಾರವೇ ಆದೇಶ ಮಾಡಿತು. ನೆಡಿಸಿದವರೂ ಓದಿದವರೇ, ಒಳ್ಳೆಯ ಮನಸ್ಸಿನವರೇ. ಯಾವ ನೆಲಕ್ಕೆ ಏನು ಒಗ್ಗುತ್ತದೆ ಅಂತ ನೆಲವನ್ನು ಕೇಳಲಿಲ್ಲ.

ನೆಲದ ಕೆಳಗಿನ ನೀರಿನಲ್ಲಿ ಆಸಕ್ತಿ ಇದ್ದರೆ ಭೂವಿಜ್ಞಾನ ಓದಿ. ಎಂ.ಎಸ್ಸಿ. ಭೂವಿಜ್ಞಾನ ಮಾಡಿದವರು ಯುಪಿಎಸ್‌ಸಿಯ ಕಂಬೈನ್ಡ್ ಜಿಯೋ ಸೈಂಟಿಸ್ಟ್ ಪರೀಕ್ಷೆ ಬರೆದು ಕೇಂದ್ರ ಅಂತರ್ಜಲ ಮಂಡಳಿ ಸೇರಬಹುದು. ನಮ್ಮ ರಾಜ್ಯದಲ್ಲಿ ಅಂತರ್ಜಲ ನಿಯಂತ್ರಣಕ್ಕೆ 2011ರ ಕಾಯ್ದೆ ಇದೆ. ಅದನ್ನು ಜಾರಿ ಮಾಡಲು ತಿಳಿದವರು ಬೇಕು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬರುತ್ತಿದೆ. ಆ ನೀರು ಹೇಗಿದೆ, ಬೋರಿಗೆ ಇಳಿದ ಮೇಲೆ ಏನಾಗುತ್ತದೆ, ಇದನ್ನು ವರ್ಷಗಟ್ಟಲೆ ಬಿಡದೆ ನೋಡುವವರು ಈ ಊರಿನ ಮಕ್ಕಳೇ ಆದರೆ ನನಗೆ ಸಮಾಧಾನ. ಆ ನೀರಿನ ಪಕ್ಕದಲ್ಲಿ ಮನೆ ಇರುವವರು ಪರೀಕ್ಷೆಯ ಬಾಟಲಿಯನ್ನು ಹಗುರವಾಗಿ ಹಿಡಿಯುವುದಿಲ್ಲ.

ಪ್ರಮಾಣ ಪತ್ರಗಳ ವಿಷಯ ಬೇಗ ಹೇಳುತ್ತೇನೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ರಾಜ್ಯದ ನೇಮಕಾತಿಯಲ್ಲಿ ಗ್ರಾಮೀಣ ಮೀಸಲಾತಿ ಇದೆ, ಶೇಕಡಾ 25. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5. ಮಹಿಳೆಯರಿಗೆ ಶೇಕಡಾ 33. ಕೊನೇ ದಿನಾಂಕದೊಳಗೆ ವ್ಯಾಸಂಗ ಪ್ರಮಾಣ ಪತ್ರ ಕೈಯಲ್ಲಿರಬೇಕು. ಹಳೇ ಶಾಲೆ ಮುಚ್ಚಿಹೋಗಿದ್ದರೆ ದಾಖಲೆ ಹುಡುಕಲು ತಿಂಗಳುಗಟ್ಟಲೆ ಆಗುತ್ತದೆ. ಕಡ್ಡಾಯ ಕನ್ನಡ ಪರೀಕ್ಷೆ 150 ಅಂಕಕ್ಕೆ, 50 ಬರಲೇಬೇಕು. ಕನ್ನಡ ನಮ್ಮದೇ ಅಂತ ಅಸಡ್ಡೆ ಮಾಡಿ ಅದರಲ್ಲೇ ಬಿದ್ದವರನ್ನು ನೋಡಿದ್ದೇನೆ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು.

ಒಬ್ಬ ಹುಡುಗ ಎದ್ದು, "ದುಡ್ಡು ಕೊಟ್ಟರೆ ಮಾಡಿಸಿಕೊಡುತ್ತೇವೆ ಅನ್ನುವವರು ಇದ್ದಾರೆ, ನಿಜವಾ ಸರ್?" ಅಂದ. ಒಂದು ರೂಪಾಯಿ ಕೊಡಬೇಡಿ ಅಂದೆ. 545 ಪಿಎಸ್‌ಐ ಹುದ್ದೆಗಳ ಆಯ್ಕೆ ಅಕ್ರಮ ಬಯಲಾಗಿ 2022ರಲ್ಲಿ ಪೂರ್ತಿ ರದ್ದಾಯಿತು. ಪ್ರಾಮಾಣಿಕವಾಗಿ ಓದಿ ಪಾಸಾದವರೂ ಅದರಲ್ಲಿ ಸೊರಗಿದರು. ಜಮೀನು ಮಾರಿ ಕೊಟ್ಟ ಅಪ್ಪಂದಿರ ಮುಖ ನೆನೆಸಿಕೊಳ್ಳಿ. ಭೂಮಿ ಕಾಯುವ ಕೆಲಸಕ್ಕೆ ಮನೆಯ ಭೂಮಿ ಮಾರಿ ಬರುವುದು ಬೇಡ.

ಇನ್ನೊಬ್ಬಳು ಕೇಳಿದಳು, ಹುಡುಗಿಯರು ಕಾಡಿನಲ್ಲಿ ರಾತ್ರಿ ಕೆಲಸ ಮಾಡಲು ಆಗುತ್ತಾ ಅಂತ. ಭಾರತೀಯ ಅರಣ್ಯ ಸೇವೆಗೆ ಮೊದಲ ಮಹಿಳೆಯರು ಬಂದದ್ದು 1980ರಲ್ಲಿ. ಈಗ ಗಸ್ತಿನಿಂದ ಹಿಡಿದು ಮೇಲಿನವರೆಗೆ ಎಲ್ಲ ಕಡೆ ಇದ್ದಾರೆ. ತೊಂದರೆ ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಎಷ್ಟೋ ಕ್ಯಾಂಪುಗಳಲ್ಲಿ ಸರಿಯಾದ ಶೌಚಾಲಯ ಇರುವುದಿಲ್ಲ. ಅದನ್ನು ಕೇಳಿ ಪಡೆಯಬೇಕು, ಮತ್ತು ಕೇಳುವವರು ಒಳಗೆ ಇರಬೇಕು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ. "ಸರ್, ನಾನು ಕಾಮರ್ಸ್. ನನಗೆ ಎಲ್ಲ ಬಾಗಿಲೂ ಮುಚ್ಚಿತಾ?" ಇಲ್ಲಮ್ಮ. ಗಸ್ತು ಅರಣ್ಯ ಪಾಲಕ ಹುದ್ದೆಗೆ ಪಿಯುಸಿ ಸಾಕು. ಗ್ರಾಮ ಆಡಳಿತ ಅಧಿಕಾರಿಗೂ ಪಿಯುಸಿ ಸಾಕು. ಪದವಿ ಮುಗಿದ ಮೇಲೆ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಹುದ್ದೆ ಇದೆ. ಪಿಡಿಒ ಆದರೆ ಊರಿನ ಕೆರೆ, ಕಲ್ಯಾಣಿ, ಗುಂಡುತೋಪು ಎಲ್ಲ ನಿನ್ನ ಮೇಜಿನ ಮೇಲೆ ಬರುತ್ತವೆ. ಲೆಕ್ಕ ಗೊತ್ತಿರುವವರು ಅಲ್ಲಿ ತುಂಬ ಬೇಕು. ಯಾವ ಊರು ನಿಂದು? ಶ್ರೀನಿವಾಸಪುರದ ಹತ್ತಿರದ ಒಂದು ಹಳ್ಳಿ ಹೇಳಿದಳು. ಕೆರೆ ಇದೆಯಾ? ಇದೆ ಸರ್. ಕೋಡಿ ಹೋದರೆ ನೀರು ಎಲ್ಲಿಗೆ ಹೋಗುತ್ತದೆ?

ಸ್ವಲ್ಪ ಹೊತ್ತು ಯೋಚಿಸಿದಳು. "ರಸ್ತೆ ಕೆಳಗೆ ಮೋರಿ ಇದೆ ಸರ್. ಆ ಕಡೆ ಒಂದು ಲೇಔಟ್ ಆಗಿದೆ. ಅಲ್ಲಿಂದ ಮುಂದೆ ಗೊತ್ತಿಲ್ಲ. ನಮ್ಮಜ್ಜಿಗೆ ಗೊತ್ತಿರಬೇಕು."

ಅಜ್ಜಿಯನ್ನು ಕೇಳಿ, ಗ್ರಾಮ ನಕ್ಷೆ ತೆಗೆಸಿಕೊಂಡು, ಮಳೆ ಬಂದ ಮಾರನೇ ದಿನ ಆ ಮೋರಿಯಿಂದ ಕೆಳಕ್ಕೆ ನಡೆದು ನೋಡು ಅಂದೆ. ನಕ್ಷೆಯಲ್ಲಿ ಕಾಲುವೆ ಇದ್ದು ನೆಲದ ಮೇಲೆ ಇಲ್ಲದೆ ಹೋದರೆ ನನಗೆ ಫೋನ್ ಮಾಡು, ಜೊತೆಗೆ ಬರುತ್ತೇನೆ ಅಂತಲೂ ಹೇಳಿದೆ. ನಂಬರ್ ಬರೆದುಕೊಂಡಳು.